ನಿಂತ ಗಾಡಿಯ ಬ್ಯಾಟರಿ ಯಾಕೆ ಇಳಿಯುತ್ತದೆ? ಕಲಬುರಗಿ ಬಿಸಿಲಲ್ಲಿ ಅದನ್ನು ಕಾಪಾಡೋದು ಹೇಗೆ?

ಹೊದಿಕೆ ಹೊದ್ದು ನಿಂತ ಕಾರು ಕಾಣದ ಓಣಿ ಈಗ ಕಲಬುರಗಿಯಲ್ಲಿ ಕಡಿಮೆ. ಮಗ ಪುಣೆಯಲ್ಲೋ ಹೈದರಾಬಾದಿನಲ್ಲೋ ನೌಕರಿಯಲ್ಲಿರುತ್ತಾನೆ, ಮನೆಯಲ್ಲಿ ಅಪ್ಪ ಅಮ್ಮ ಇಬ್ಬರೇ. ಪೇಟೆಗೆ ಹೋಗಿ ಬರಲು ಸ್ಕೂಟರ್ ಸಾಕು. ಕಾರು ಹೊರಗೆ ಬರುವುದು ಮದುವೆಗೆ, ದವಾಖಾನೆಗೆ, ಇಲ್ಲಾ ಗಾಣಗಾಪುರಕ್ಕೆ. ಸರಿಯಾಗಿ ಅವತ್ತೇ ಕೀ ತಿರುಗಿಸಿದರೆ ಟಕ್ ಟಕ್ ಟಕ್ ಅಂತ ಸದ್ದು, ಮುಂದೇನೂ ಇಲ್ಲ. ಮೆಕ್ಯಾನಿಕ್ ಬಂದು ಹೇಗೋ ಚಾಲೂ ಮಾಡಿಕೊಟ್ಟು ಒಂದು ಮಾತು ಹೇಳಿ ಹೋಗುತ್ತಾನೆ: "ಬ್ಯಾಟರಿ ಡೌನ್ ಆಗ್ಯಾದ್ರಿ ಕಾಕಾ. ವಾರಕ್ಕೊಮ್ಮೆ ಐದು ನಿಮಿಷ ಚಾಲೂ ಮಾಡಿ ಬಂದ್ ಮಾಡ್ರಿ, ಏನೂ ಆಗಂಗಿಲ್ಲ."

ಈ ಸಲಹೆ ಎಲ್ಲರ ಬಾಯಲ್ಲೂ ಇದೆ. ಹೇಳುವವರಿಗೆ ಕೆಟ್ಟ ಉದ್ದೇಶವೇನಿಲ್ಲ. ಆದರೆ ಲೆಕ್ಕ ಹಾಕಿದರೆ ಇದು ಹೊಂದುವುದಿಲ್ಲ. ಆ ಲೆಕ್ಕ ಅರ್ಥವಾಗಬೇಕಾದರೆ ಮೊದಲು ಬ್ಯಾಟರಿಯ ಒಳಗೆ ಏನು ನಡೆಯುತ್ತದೆ ಎಂದು ಸ್ವಲ್ಪ ತಿಳಿಯಬೇಕು.

ಕಾರಿನ 12 ವೋಲ್ಟ್ ಬ್ಯಾಟರಿ ಇವತ್ತಿಗೂ ಬಹುಪಾಲು ಸೀಸ ಮತ್ತು ಆಸಿಡ್ಡಿನದು. ಫ್ರಾನ್ಸಿನ ಗಾಸ್ಟನ್ ಪ್ಲಾಂಟೆ ಇದನ್ನು ಮಾಡಿ ತೋರಿಸಿದ್ದು 1859ರಲ್ಲಿ. ಡಬ್ಬಿ ಬದಲಾಗಿದೆ, ಒಳಗಿನ ರಸಾಯನ ಅದೇ. ಒಳಗೆ ಆರು ಸೆಲ್ ಇರುತ್ತವೆ, ಒಂದೊಂದೂ ಸುಮಾರು 2.1 ವೋಲ್ಟ್. ಬ್ಯಾಟರಿಯಿಂದ ಕರೆಂಟ್ ತೆಗೆಯುತ್ತಾ ಹೋದಂತೆ ಆಸಿಡ್ಡಿನಲ್ಲಿರುವ ಸಲ್ಫೇಟ್ ಹೋಗಿ ಪ್ಲೇಟುಗಳಲ್ಲಿ ಸೇರಿಕೊಳ್ಳುತ್ತದೆ, ಅಲ್ಲಿ ಸೀಸದ ಸಲ್ಫೇಟ್ ಆಗುತ್ತದೆ. ಚಾರ್ಜ್ ಮಾಡಿದಾಗ ಅದು ಬಿಟ್ಟು ಮತ್ತೆ ಆಸಿಡ್ಡಿಗೆ ಮರಳುತ್ತದೆ. ಇಳಿದ ಮೇಲೆ ತಡಮಾಡದೆ ಚಾರ್ಜ್ ಮಾಡಿದರೆ ಇದರಿಂದ ತೊಂದರೆ ಇಲ್ಲ. ವಾರಗಟ್ಟಲೆ ಹಾಗೇ ಬಿಟ್ಟರೆ ಮಾತ್ರ ಸಲ್ಫೇಟಿನ ಸಣ್ಣ ಹರಳುಗಳು ದೊಡ್ಡವಾಗಿ ಗಟ್ಟಿಯಾಗುತ್ತವೆ. ಆಮೇಲೆ ಎಷ್ಟು ಚಾರ್ಜ್ ಮಾಡಿದರೂ ಅವು ಪೂರ್ತಿ ಕರಗುವುದಿಲ್ಲ. ಪ್ಲೇಟಿನ ಅಷ್ಟು ಭಾಗ ಕೆಲಸಕ್ಕೆ ಬಾರದಂತಾಗುತ್ತದೆ. ಇದಕ್ಕೆ ಸಲ್ಫೇಶನ್ ಎನ್ನುತ್ತಾರೆ. ಅಂದರೆ ಬ್ಯಾಟರಿ ಇಳಿಯುವುದು ಅವತ್ತಿನ ಒಂದು ದಿನದ ಕಿರಿಕಿರಿಯಷ್ಟೇ ಅಲ್ಲ. ಪ್ರತಿ ಸಲ ಪೂರ್ತಿ ಇಳಿದಾಗಲೂ ಅದರ ಆಯಸ್ಸು ಸ್ವಲ್ಪ ಸವೆಯುತ್ತದೆ.

ಇಳಿದಿದೆಯೋ ಇಲ್ಲವೋ ತಿಳಿಯುವುದು ಸುಲಭ. ಕೆಲವು ನೂರು ರೂಪಾಯಿಗೆ ಒಂದು ಮಲ್ಟಿಮೀಟರ್ ಸಿಗುತ್ತದೆ. ಬೆಳಿಗ್ಗೆ ಗಾಡಿ ಚಾಲೂ ಮಾಡುವ ಮೊದಲೇ ಬ್ಯಾಟರಿಯ ಎರಡು ತುದಿಗೆ ಇಟ್ಟು ನೋಡಿ. 12.6 ಅಥವಾ ಜಾಸ್ತಿ ತೋರಿಸಿದರೆ ಬ್ಯಾಟರಿ ಫುಲ್. 12.4 ಅಂದರೆ ಮುಕ್ಕಾಲು. 12.2 ಅಂದರೆ ಅರ್ಧ. 12.0 ಅಂದರೆ ಕಾಲು ಭಾಗವಷ್ಟೇ ಉಳಿದಿದೆ. "12 ವೋಲ್ಟ್ ಬ್ಯಾಟರಿ, 12 ತೋರಿಸ್ತಿದೆ, ಸರಿಯಿದೆ" ಎಂದುಕೊಳ್ಳುವವರು ತುಂಬಾ ಜನ. ಅದು ಸರಿಯಿಲ್ಲ. ಗಾಡಿ ಓಡಿಸಿ ಬಂದ ಕೂಡಲೇ ಅಳೆದರೂ ಮೋಸ ಹೋಗುತ್ತೀರಿ. ಆಗ ವೋಲ್ಟೇಜ್ ಇರುವುದಕ್ಕಿಂತ ಜಾಸ್ತಿ ಕಾಣುತ್ತದೆ, ಕೆಲವು ಗಂಟೆ ಕಳೆದ ಮೇಲೆ ನಿಜವಾದ ಅಂಕಿಗೆ ಇಳಿಯುತ್ತದೆ.

ಆ ಟಕ್ ಟಕ್ ಸದ್ದಿನ ಕಾರಣವೂ ಇಲ್ಲೇ ಇದೆ. ಎಂಜಿನ್ನನ್ನು ತಿರುಗಿಸಿ ಎಬ್ಬಿಸುವ ಸೆಲ್ಫ್ ಮೋಟರಿನಲ್ಲಿ ಕರೆಂಟಿನಿಂದ ಎಳೆದುಕೊಳ್ಳುವ ಒಂದು ಸ್ವಿಚ್ ಇರುತ್ತದೆ. ಇಳಿದ ಬ್ಯಾಟರಿಗೂ ಆ ಸ್ವಿಚ್ ಎಳೆಯುವಷ್ಟು ಶಕ್ತಿ ಇರುತ್ತದೆ. ಎಳೆದ ಕ್ಷಣವೇ ಮೋಟರ್ ನೂರಾರು ಆಂಪಿಯರ್ ಕೇಳುತ್ತದೆ, ವೋಲ್ಟೇಜ್ ಕುಸಿಯುತ್ತದೆ, ಸ್ವಿಚ್ ಬಿಟ್ಟುಬಿಡುತ್ತದೆ. ಬಿಟ್ಟ ಮೇಲೆ ವೋಲ್ಟೇಜ್ ಮತ್ತೆ ಏರುತ್ತದೆ, ಸ್ವಿಚ್ ಮತ್ತೆ ಎಳೆದುಕೊಳ್ಳುತ್ತದೆ. ನಿಮಗೆ ಕೇಳಿಸುವುದು ಈ ಜಗ್ಗಾಟವೇ.

ಬಂದ್ ಮಾಡಿದ ಗಾಡಿ ಕರೆಂಟ್ ಎಲ್ಲಿ ತಿನ್ನುತ್ತದೆ?

ಎರಡು ಕಡೆ ಸೋರಿಕೆ ಇದೆ. ಒಂದು ಬ್ಯಾಟರಿಯ ಒಳಗಿನದು. ಯಾವ ವಯರೂ ಜೋಡಿಸದೆ ಸುಮ್ನೆ ಮೂಲೆಯಲ್ಲಿಟ್ಟರೂ ಬ್ಯಾಟರಿ ತನ್ನಷ್ಟಕ್ಕೆ ನಿಧಾನವಾಗಿ ಇಳಿಯುತ್ತದೆ. 25 ಡಿಗ್ರಿಯಲ್ಲಿ ಇದು ತಿಂಗಳಿಗೆ ನೂರಕ್ಕೆ ಮೂರರಿಂದ ಐದು ಪಾಲು ಇರಬಹುದು. ಆದರೆ ಬಿಸಿ ಸುಮಾರು 10 ಡಿಗ್ರಿ ಏರಿದಂತೆ ಈ ಸೋರಿಕೆ ಎರಡು ಪಟ್ಟಾಗುತ್ತದೆ. ಏಪ್ರಿಲ್ ಮೇ ತಿಂಗಳಲ್ಲಿ ನಮ್ಮಲ್ಲಿ ಹೊರಗಿನ ಬಿಸಿಲೇ 42 ಡಿಗ್ರಿ ಮುಟ್ಟುತ್ತದೆ. ಮುಚ್ಚಿದ ಬಾನೆಟ್ ಕೆಳಗೆ ಎಷ್ಟಿರಬಹುದು ಎಂದು ಹೇಳಬೇಕಾಗಿಲ್ಲ.

ಬ್ಯಾಟರಿ ಬಗ್ಗೆ ಸಿಗುವ ಸಲಹೆಗಳಲ್ಲಿ ಹೆಚ್ಚಿನವು ಹಿಮ ಬೀಳುವ ದೇಶದವರು ಬರೆದವು. ಚಳಿಗಾಲದಲ್ಲಿ ಬ್ಯಾಟರಿ ಕಾಪಾಡಿ ಎನ್ನುತ್ತಾರೆ. ಅಲ್ಲಿಗೆ ಅದು ಸರಿ. ನಮ್ಮಲ್ಲಿ ಬ್ಯಾಟರಿ ಸಾಯುವುದು ಬೇಸಿಗೆಯಲ್ಲಿ. ಬಿಸಿಗೆ ಒಳಗಿನ ನೀರು ಆರುತ್ತದೆ, ಪ್ಲೇಟುಗಳು ಬೇಗ ತುಕ್ಕು ಹಿಡಿಯುತ್ತವೆ, ಸೋರಿಕೆ ಜಾಸ್ತಿಯಾಗುತ್ತದೆ. ಬೇಸಿಗೆಯಲ್ಲಿ ಸೊರಗಿದ ಬ್ಯಾಟರಿ ಡಿಸೆಂಬರಿನ ಒಂದು ತಣ್ಣನೆ ಬೆಳಿಗ್ಗೆ ಕೈಕೊಟ್ಟರೆ ನಾವು ಚಳಿಯನ್ನು ಬೈಯುತ್ತೇವೆ. ಬೀದರ್ ನಮಗಿಂತ ಎತ್ತರದಲ್ಲಿದೆ, ಸ್ವಲ್ಪ ತಂಪು. ಅಷ್ಟರಮಟ್ಟಿಗೆ ಅಲ್ಲಿಯವರ ಬ್ಯಾಟರಿ ಪುಣ್ಯವಂತ. ಕಲಬುರಗಿ, ಯಾದಗಿರಿಯವರು ಗಾಡಿಯನ್ನು ಬೇವಿನ ಮರದ ಕೆಳಗೋ ತಗಡಿನ ನೆರಳಿಗೋ ಸರಿಸಿದರೆ ಅದೇ ಅರ್ಧ ಕೆಲಸ.

ಎರಡನೆಯ ಸೋರಿಕೆ ಗಾಡಿಯದು. ಕೀ ತೆಗೆದರೂ ಈಗಿನ ಕಾರು ಪೂರ್ತಿ ನಿದ್ದೆ ಮಾಡುವುದಿಲ್ಲ. ಗಡಿಯಾರ ಓಡುತ್ತಿರಬೇಕು. ರಿಮೋಟಿನ ಸಿಗ್ನಲ್ ಬಂತೇ ಎಂದು ಸೆಂಟ್ರಲ್ ಲಾಕ್ ಕಿವಿಗೊಟ್ಟು ಕೂತಿರಬೇಕು. ಕಳ್ಳರಿಗಾಗಿ ಅಲಾರಂ ಎಚ್ಚರವಾಗಿರಬೇಕು. ಎಲ್ಲಾ ಸೇರಿ ಸಾಮಾನ್ಯವಾಗಿ 20ರಿಂದ 50 ಮಿಲಿ ಆಂಪಿಯರ್ ಹರಿಯುತ್ತಿರುತ್ತದೆ. ಇದು ಕಂಪನಿಯವರೇ ಒಪ್ಪಿಕೊಂಡ ಖರ್ಚು, ದೋಷವಲ್ಲ.

30 ಮಿಲಿ ಆಂಪಿಯರ್ ಎಂದೇ ಇಟ್ಟುಕೊಳ್ಳಿ. 24 ಗಂಟೆಗೆ 0.72 ಆಂಪಿಯರ್ ಅವರ್ (ಒಂದು ಆಂಪಿಯರ್ ಒಂದು ಗಂಟೆ ಹರಿದರೆ ಒಂದು ಆಂಪಿಯರ್ ಅವರ್). ಸಣ್ಣ ಪೆಟ್ರೋಲ್ ಕಾರಿಗೆ ಸಾಮಾನ್ಯವಾಗಿ 35 ಆಂಪಿಯರ್ ಅವರ್ ಬ್ಯಾಟರಿ ಇರುತ್ತದೆ. ಅದರ ಅರ್ಧ, ಅಂದರೆ 17.5, ಖಾಲಿಯಾಗಲು ಸುಮಾರು 24 ದಿನ. ಇದು ಹೊಸ ಬ್ಯಾಟರಿ ಫುಲ್ ಇದ್ದಾಗಿನ ಮಾತು. ಮೂರು ವರ್ಷ ಹಳೆಯದಾದರೆ, ನಿಲ್ಲಿಸುವಾಗಲೇ ಮುಕ್ಕಾಲಿದ್ದರೆ, ಮೇಲೆ ಬೇಸಿಗೆ ಇದ್ದರೆ, ಹದಿನೈದು ದಿನಕ್ಕೇ ಸೆಲ್ಫ್ ಎಳೆಯಲು ಕಷ್ಟಪಡುತ್ತದೆ.

ಇನ್ನು ನಾವೇ ಹಾಕಿಸಿದವು ಬೇರೆ. ಕಳ್ಳತನದ ಭಯಕ್ಕೆ ಜಿಪಿಎಸ್ ಟ್ರ್ಯಾಕರ್. ನಿಂತಾಗಲೂ ಚಿತ್ರ ಹಿಡಿಯುವ ಡ್ಯಾಶ್‌ಕ್ಯಾಮ್. ಹೊರಗಿನ ಅಂಗಡಿಯಲ್ಲಿ ಕೂರಿಸಿದ ದೊಡ್ಡ ಮ್ಯೂಸಿಕ್ ಸಿಸ್ಟಮ್, ಆಂಪ್ಲಿಫೈಯರ್. ಇವುಗಳ ವಯರನ್ನು ಕೀ ಹಾಕಿದಾಗ ಮಾತ್ರ ಕರೆಂಟ್ ಬರುವ ಲೈನಿಗೆ ಕೊಡದೆ ಯಾವಾಗಲೂ ಕರೆಂಟ್ ಇರುವ ಲೈನಿಗೆ ಕೊಟ್ಟಿದ್ದರೆ ಮುಗಿಯಿತು. ಡ್ಯಾಶ್‌ಕ್ಯಾಮ್ ಒಂದೇ 200–300 ಮಿಲಿ ಆಂಪಿಯರ್ ಎಳೆದರೆ ಆ 24 ದಿನ ಮೂರು ದಿನಕ್ಕೆ ಇಳಿಯುತ್ತದೆ. ಡಿಕ್ಕಿಯ ಐದು ವ್ಯಾಟಿನ ಬಲ್ಬು ಉರಿಯುತ್ತಾ ಉಳಿದರೆ ಎರಡು ದಿನವೂ ಬೇಡ. ಡಿಕ್ಕಿ ಸರಿಯಾಗಿ ಮುಚ್ಚದಿದ್ದರೆ ಒಳಗಿನ ದೀಪ ಆರುವುದಿಲ್ಲ, ಹೊರಗಿನಿಂದ ನಮಗೆ ಕಾಣುವುದೂ ಇಲ್ಲ ಅಲ್ವಾ? ಬಟನ್ ಒತ್ತಿ ಚಾಲೂ ಮಾಡುವ ಕಾರಾದರೆ ಇನ್ನೊಂದು ಸಂಗತಿ: ಸ್ಮಾರ್ಟ್ ಕೀಯನ್ನು ಕಾರಿನ ಹತ್ತಿರದ ಗೋಡೆಗೆ ನೇತುಹಾಕಿದರೆ ಕೆಲವು ಕಾರುಗಳು ಮಾಲೀಕ ಬಂದನೆಂದು ಮತ್ತೆ ಮತ್ತೆ ಎಚ್ಚರವಾಗುತ್ತವೆ. ಕೀಯನ್ನು ಒಳಕೋಣೆಯಲ್ಲಿಡಿ.

ಹೊಲದ ಕಡೆಯವರು ಕೇಳುವ ಒಂದು ಒಳ್ಳೆಯ ಪ್ರಶ್ನೆಗೂ ಉತ್ತರ ಇದೇ. ತೊಗರಿ ರಾಶಿ ಮುಗಿದ ಮೇಲೆ ಎರಡು ತಿಂಗಳು ನಿಂತ ಟ್ರ್ಯಾಕ್ಟರ್ ಒಂದೇ ಸೆಲ್ಫಿಗೆ ಎದ್ದೇಳುತ್ತದೆ, ಪಕ್ಕದಲ್ಲೇ ನಿಂತ ಹೊಸ ಕಾರು ಮೂರು ವಾರಕ್ಕೆ ಮಲಗುತ್ತದೆ. ಯಾಕೆ? ಹಳೆಯ ಟ್ರ್ಯಾಕ್ಟರಿನಲ್ಲಿ ಕಂಪ್ಯೂಟರ್ ಇಲ್ಲ, ಅಲಾರಂ ಇಲ್ಲ, ಸೆಂಟ್ರಲ್ ಲಾಕ್ ಇಲ್ಲ. ಕೀ ತೆಗೆದರೆ ನಿಜಕ್ಕೂ ಬಂದ್. ಬ್ಯಾಟರಿಯೂ ಕಾರಿನದಕ್ಕಿಂತ ಎರಡು ಪಟ್ಟು ದೊಡ್ಡದು. ಅದಕ್ಕಿರುವುದು ಮೊದಲ ಸೋರಿಕೆ ಮಾತ್ರ.

ಐದು ನಿಮಿಷದ ಲೆಕ್ಕ

ಈಗ ಮೆಕ್ಯಾನಿಕ್ ಮಾತಿಗೆ ಬರೋಣ. ಸೆಲ್ಫ್ ಹೊಡೆಯುವುದರಿಂದ ಬ್ಯಾಟರಿ ಬಹಳ ಖಾಲಿಯಾಗುತ್ತದೆ ಎಂಬ ನಂಬಿಕೆಯೂ ಸರಿಯಲ್ಲ. 150 ಆಂಪಿಯರ್ ಎರಡು ಸೆಕೆಂಡ್ ಎಳೆದರೂ 0.08 ಆಂಪಿಯರ್ ಅವರ್ ಅಷ್ಟೇ. ಸಮಸ್ಯೆ ಇರುವುದು ವಾರವಿಡೀ ಸೋರಿದ್ದರಲ್ಲಿ. ದಿನಕ್ಕೆ 0.72ರಂತೆ ಏಳು ದಿನಕ್ಕೆ 5 ಆಂಪಿಯರ್ ಅವರ್ ಹೋಗಿದೆ. ನಿಂತಲ್ಲೇ ಎಂಜಿನ್ ಓಡುವಾಗ ಬ್ಯಾಟರಿ ತುಂಬುವ ಜನರೇಟರ್, ಅಂದರೆ ಆಲ್ಟರ್ನೇಟರ್, ನಿಧಾನವಾಗಿ ತಿರುಗುತ್ತದೆ, ಅದು ಕೊಡುವುದರಲ್ಲಿ ಎಂಜಿನ್ನಿನ ಸ್ವಂತ ಖರ್ಚೇ ಒಂದಷ್ಟು. ಆದರೂ ಉದಾರವಾಗಿ 10 ಆಂಪಿಯರ್ ಬ್ಯಾಟರಿಗೆ ಸಿಕ್ಕಿತು ಎನ್ನೋಣ. ಐದು ನಿಮಿಷಕ್ಕೆ 0.83. ಸೆಲ್ಫಿನ ಖರ್ಚು ಕಳೆದರೆ 0.75. ಹೋದದ್ದು 5, ಬಂದದ್ದು ಮುಕ್ಕಾಲು. ಏಸಿ ಹಾಕಿಕೊಂಡು ಕೂತರೆ ಆ ಮುಕ್ಕಾಲೂ ಇಲ್ಲ.

ಹೀಗೆ ವಾರ ವಾರ ಸ್ವಲ್ಪ ಸ್ವಲ್ಪವೇ ಕೆಳಗೆ ಜಾರಿ, ಒಂದು ದಿನ ಸೆಲ್ಫ್ ನಿಲ್ಲುತ್ತದೆ. "ವಾರಕ್ಕೊಮ್ಮೆ ತಪ್ಪದೆ ಚಾಲೂ ಮಾಡೀನಿ, ಆದ್ರೂ ಹೋಯ್ತಲ್ರಿ" ಎಂದು ಬೇಸರ ಪಡುವವರ ಕಥೆ ಇದು. ಎಂಜಿನ್ನಿಗೂ ಇದು ಒಳ್ಳೆಯದಲ್ಲ. ಪೆಟ್ರೋಲ್ ಉರಿದಾಗ ನೀರಿನ ಆವಿ ಬರುತ್ತದೆ. ಎಂಜಿನ್ ಚೆನ್ನಾಗಿ ಕಾಯುವ ಮೊದಲೇ ಬಂದ್ ಮಾಡಿದರೆ ಅದು ಸೈಲೆನ್ಸರಿನಲ್ಲಿ, ಆಯಿಲ್ಲಿನಲ್ಲಿ ಉಳಿದುಕೊಳ್ಳುತ್ತದೆ.

ಹಾಗಾದರೆ ಎಷ್ಟು ಓಡಿಸಬೇಕು? ನನ್ನ ಪ್ರಕಾರ ವಾರಕ್ಕೊಮ್ಮೆ ಮುಕ್ಕಾಲು ಗಂಟೆಗೆ ಕಡಿಮೆ ಬೇಡ, ಅದೂ ರಸ್ತೆಯ ಮೇಲೆ. ಸೂಪರ್ ಮಾರ್ಕೆಟ್ಟಿನಿಂದ ಜಗತ್ ವೃತ್ತಕ್ಕೆ ಸಿಗ್ನಲ್ಲಿನಲ್ಲಿ ನಿಂತು ನಿಂತು ಹೋಗುವುದು ಲೆಕ್ಕಕ್ಕಿಲ್ಲ. ಆಳಂದ ರಸ್ತೆಯೋ ಜೇವರ್ಗಿ ರಸ್ತೆಯೋ ಹಿಡಿದು, ಮೂರನೇ ನಾಲ್ಕನೇ ಗೇರಿನಲ್ಲಿ ಹೋಗಿ ಬನ್ನಿ. ಟೈರು, ಬ್ರೇಕು, ಏಸಿ ಎಲ್ಲಕ್ಕೂ ಅದು ಬೇಕು.

ಆದರೆ ಒಂದು ಮಾತು. ಈಗಾಗಲೇ ಅರ್ಧಕ್ಕೆ ಇಳಿದ ಬ್ಯಾಟರಿಯನ್ನು ಒಂದು ಸುತ್ತು ಓಡಿಸಿ ತುಂಬಿಸಲು ಆಗುವುದಿಲ್ಲ. ಶರಣಬಸವೇಶ್ವರ ಜಾತ್ರೆಗೆ ಹೊರಟ ಬಸ್ಸು ನೋಡಿದ್ದೀರಲ್ಲ. ಮೊದಲ ಮೂವತ್ತು ಜನ ಪಟಪಟ ಹತ್ತಿ ಕೂರುತ್ತಾರೆ, ಕೊನೆಯ ಹತ್ತು ಜನರನ್ನು ಹತ್ತಿಸಲು ಕಂಡಕ್ಟರ್ ಬೆವರು ಸುರಿಸಬೇಕು. ಸೀಸದ ಬ್ಯಾಟರಿಯೂ ಮುಕ್ಕಾಲಿನವರೆಗೆ ಬೇಗ ತಗೊಂಡು ಆಮೇಲೆ ನಿಧಾನ ಮಾಡುತ್ತದೆ. ಕೊನೆಯ ಕಾಲು ಭಾಗಕ್ಕೇ ಗಂಟೆಗಟ್ಟಲೆ ಬೇಕು. ಅದಕ್ಕೆ ಚಾರ್ಜರ್ರೇ ಸರಿ.

ಎಷ್ಟು ದಿನ ನಿಲ್ಲುತ್ತದೆ, ಅದರ ಮೇಲೆ ಉಪಾಯ

ವಾರ ಹತ್ತು ದಿನದ ಮಾತಾದರೆ ಏನೂ ಮಾಡಬೇಡಿ. ದೀಪ ಆರಿದೆಯೇ, ಡಿಕ್ಕಿ ಮುಚ್ಚಿದೆಯೇ ನೋಡಿದರೆ ಸಾಕು. ಮನೆಯಲ್ಲಿ ಓಡಿಸುವವರಿದ್ದರೆ ವಾರದ ಸುತ್ತು ಎಲ್ಲಕ್ಕಿಂತ ಒಳ್ಳೆಯದು.

ಓಡಿಸುವವರೇ ಇಲ್ಲ, ಮೂರು ವಾರಕ್ಕಿಂತ ಜಾಸ್ತಿ ನಿಲ್ಲುತ್ತದೆ ಎಂದಾದರೆ ಬ್ಯಾಟರಿಯ ಮೈನಸ್ ವಯರ್ ಬಿಚ್ಚಿಡುವುದು ಖರ್ಚಿಲ್ಲದ ದಾರಿ. ಬಹಳ ಕಾರುಗಳಲ್ಲಿ 10ರ ಪಾನಾ ಸಾಕು. ಮೊದಲು ಮೈನಸ್ಸೇ ಯಾಕೆ? ಗಾಡಿಯ ಇಡೀ ಬಾಡಿ ಮೈನಸ್ಸಿಗೆ ಜೋಡಿಸಿರುತ್ತದೆ. ಪ್ಲಸ್ ಬಿಚ್ಚುವಾಗ ಪಾನಾ ಬಾಡಿಗೆ ತಗಲಿದರೆ ಅಲ್ಲೇ ಶಾರ್ಟ್ ಆಗಿ ಕಿಡಿ ಹಾರುತ್ತದೆ. ಮೈನಸ್ ಬಿಚ್ಚುವಾಗ ತಗಲಿದರೆ ಏನೂ ಆಗುವುದಿಲ್ಲ. ಬಿಚ್ಚಿದ ವಯರಿಗೆ ಒಂದು ಒಣ ಬಟ್ಟೆ ಸುತ್ತಿ, ಅದು ತಾನಾಗಿ ಜಾರಿ ಮತ್ತೆ ತಗಲದಂತೆ ಪಕ್ಕಕ್ಕೆ ಸರಿಸಿ. ಪ್ಲಸ್ ಮುಟ್ಟುವುದೇ ಬೇಡ. ಬ್ಯಾಟರಿಯನ್ನೇ ಹೊರಗೆ ತೆಗೆಯುವುದಾದರೆ ಮಾತ್ರ ಮೈನಸ್ ಆದ ಮೇಲೆ ಪ್ಲಸ್. ಹಾಕುವಾಗ ಪ್ಲಸ್ ಮೊದಲು, ಮೈನಸ್ ಕೊನೆಗೆ.

ಬಿಚ್ಚಿದರೆ ಕೆಲವು ಅನಾನುಕೂಲ ಇವೆ, ಗೊತ್ತಿರಲಿ. ಅಲಾರಂ ಸತ್ತಿರುತ್ತದೆ, ರಿಮೋಟ್ ಕೆಲಸ ಮಾಡುವುದಿಲ್ಲ. ಬಾಗಿಲನ್ನು ಕೀ ತೂರಿಸಿಯೇ ತೆಗೆಯಬೇಕು. ಸ್ಮಾರ್ಟ್ ಕೀ ಆದರೆ ಅದರ ಹೊಟ್ಟೆಯಲ್ಲೇ ಒಂದು ಕಬ್ಬಿಣದ ಕೀ ಅಡಗಿರುತ್ತದೆ, ಹುಡುಕಿಟ್ಟುಕೊಳ್ಳಿ. ಕರೆಂಟಿನಿಂದಲೇ ತೆರೆಯುವ ಡಿಕ್ಕಿಯೊಳಗೆ ಬ್ಯಾಟರಿ ಇದ್ದರೆ ಆ ಡಿಕ್ಕಿ ಮುಚ್ಚಲೇಬೇಡಿ. ಮತ್ತೆ ಜೋಡಿಸಿದಾಗ ಗಡಿಯಾರ ತಪ್ಪಿರುತ್ತದೆ, ಕಿಟಕಿ ಒಂದೇ ಒತ್ತಿಗೆ ಪೂರ್ತಿ ಏರುವುದನ್ನು ಮರೆತಿರಬಹುದು, ಎಂಜಿನ್ ಸ್ವಲ್ಪ ದೂರ ತಡವರಿಸಬಹುದು. ಎಲ್ಲವೂ ಸರಿಹೋಗುತ್ತವೆ. ವಯರ್ ಬಿಚ್ಚಿದರೂ ಮೊದಲ ಸೋರಿಕೆ ನಿಲ್ಲುವುದಿಲ್ಲ ಎಂಬುದೂ ನೆನಪಿರಲಿ. ಬೇಸಿಗೆಯಲ್ಲಿ ಎರಡು ತಿಂಗಳಿಗೊಮ್ಮೆಯಾದರೂ ಅಳೆದು, 12.4ಕ್ಕಿಂತ ಕೆಳಗಿದ್ದರೆ ಚಾರ್ಜ್ ಮಾಡಿಸಿ.

ಗಾಡಿ ಯಾವ ಗಳಿಗೆಯಲ್ಲಾದರೂ ಬೇಕಾಗಬಹುದು, ಮನೆಯಲ್ಲಿ ವಯಸ್ಸಾದವರಿದ್ದಾರೆ ಎಂದಾದರೆ ನಾನು ಹೇಳುವುದು ಸ್ಮಾರ್ಟ್ ಚಾರ್ಜರ್. ಇದು ಫುಲ್ ಆದ ಮೇಲೆ ತಾನೇ ವೋಲ್ಟೇಜ್ ಇಳಿಸಿ, ಸೋರಿದಷ್ಟನ್ನು ಮಾತ್ರ ತುಂಬುತ್ತಾ ಇರುತ್ತದೆ. ತಿಂಗಳುಗಟ್ಟಲೆ ಜೋಡಿಸಿಟ್ಟರೂ ಬ್ಯಾಟರಿ ಕುದಿಯುವುದಿಲ್ಲ. ನಮ್ಮಲ್ಲಿ ಕರೆಂಟ್ ಹೋಗಿ ಬರುತ್ತಿರುತ್ತದೆ, ಹಾಗಾಗಿ ಕರೆಂಟ್ ಬಂದ ಕೂಡಲೇ ತಾನಾಗಿ ಮತ್ತೆ ಶುರುವಾಗುವಂಥದ್ದನ್ನೇ ಕೇಳಿ ತಗೊಳ್ಳಿ. ಬ್ಯಾಟರಿ ಸಾಮರ್ಥ್ಯದ ಹತ್ತನೇ ಒಂದು ಭಾಗದಷ್ಟು ಆಂಪಿಯರಿನಲ್ಲಿ ಚಾರ್ಜ್ ಮಾಡುವುದು ಹಳೆಯ ಲೆಕ್ಕ. 35ರ ಬ್ಯಾಟರಿಗೆ ಮೂರೂವರೆ.

ಮನೆಯ ಇನ್ವರ್ಟರಿಗೇ ಕಾರಿನ ಬ್ಯಾಟರಿ ಸಿಕ್ಕಿಸಿದರೆ ಆಗಲ್ವಾ ಎಂದು ಕೇಳುವವರಿದ್ದಾರೆ. ಬೇಡ. ಅದು 150 ಆಂಪಿಯರ್ ಅವರಿನಂಥ ದೊಡ್ಡ ಬ್ಯಾಟರಿಗೆಂದು ಮಾಡಿದ್ದು, ಸಣ್ಣ ಬ್ಯಾಟರಿಗೆ ಅದರ ಚಾರ್ಜಿಂಗ್ ಹೊರೆಯಾಗಿ ಒಳಗೆ ಬಿಸಿ, ಗ್ಯಾಸ್ ಎರಡೂ ಜಾಸ್ತಿಯಾಗುತ್ತದೆ. ಆ ಗ್ಯಾಸ್ ಹೈಡ್ರೋಜನ್. ಆದ್ದರಿಂದ ಯಾವ ಚಾರ್ಜರ್ ಆದರೂ ಗಾಳಿ ಆಡುವ ಕಡೆ ಇಟ್ಟು ಚಾರ್ಜ್ ಮಾಡಿ. ಹತ್ತಿರ ಬೀಡಿ ಸಿಗರೇಟು ಬೇಡವೇ ಬೇಡ.

ಇಷ್ಟು ಬಿಸಿಲಿರುವ ಊರಲ್ಲಿ ಸೋಲಾರ್ ಯಾಕಲ್ಲ? ಆಗುತ್ತದೆ. ಹತ್ತು ವ್ಯಾಟಿನ ಸಣ್ಣ ಪ್ಯಾನೆಲ್, ನಡುವೆ ಚಾರ್ಜ್ ಮಿತಿ ಮೀರದಂತೆ ತಡೆಯುವ ಒಂದು ಚಾರ್ಜ್ ಕಂಟ್ರೋಲರ್ ಇದ್ದರೆ ದಿನದ ಸೋರಿಕೆ ತುಂಬಿ ಮಿಗುತ್ತದೆ. ತೊಡಕು ಏನೆಂದರೆ ಪ್ಯಾನೆಲ್ಲಿಗೆ ಬಿಸಿಲು ಬೇಕು, ಬ್ಯಾಟರಿಗೆ ನೆರಳು ಬೇಕು. ಪ್ಯಾನೆಲ್ಲನ್ನು ಮಾಳಿಗೆ ಮೇಲಿಟ್ಟು ವಯರ್ ಇಳಿಸಿಕೊಳ್ಳಬೇಕು. ಸಿಗರೇಟ್ ಲೈಟರಿನ ಸಾಕೆಟ್ಟಿಗೆ ಸಿಕ್ಕಿಸುವ ಪ್ಯಾನೆಲ್ ಬಹಳ ಕಾರುಗಳಲ್ಲಿ ಕೆಲಸಕ್ಕೆ ಬರುವುದಿಲ್ಲ, ಕೀ ತೆಗೆದ ಕೂಡಲೇ ಆ ಸಾಕೆಟ್ ಸತ್ತುಹೋಗುತ್ತದೆ.

ಮುಚ್ಚಳ ತೆಗೆಯುವ ಬಗೆಯ ಬ್ಯಾಟರಿಯಾದರೆ ಬೇಸಿಗೆಯಲ್ಲಿ ನೀರಿನ ಮಟ್ಟ ನೋಡಿ. ಹಾಕಬೇಕಾದ್ದು ಡಿಸ್ಟಿಲ್ಡ್ ವಾಟರ್ ಮಾತ್ರ. ನಮ್ಮ ಬೋರಿನ ನೀರಿನ ಸುಣ್ಣ ಗೊತ್ತೇ ಇದೆಯಲ್ಲ. ತುದಿಗಳಲ್ಲಿ ಬಿಳಿ ಹಸಿರು ಪುಡಿ ಕಂಡರೆ ಅಡುಗೆ ಸೋಡಾ ಕಲಸಿದ ನೀರಿನಿಂದ ತಿಕ್ಕಿ, ಒಣಗಿಸಿ, ತೆಳ್ಳಗೆ ವ್ಯಾಸಲೀನ್ ಹಚ್ಚಿ.

ಇಳಿದೇ ಬಿಟ್ಟರೆ

ಧಕ್ಕಾ ಸ್ಟಾರ್ಟ್ ಹಳೆಯ ಗಾಡಿಗಳ ವಿದ್ಯೆ. ಈಗಿನ ಗಾಡಿಗಳಲ್ಲಿ ಪೆಟ್ರೋಲ್ ಪಂಪು, ಇಂಜೆಕ್ಟರು, ಕಂಪ್ಯೂಟರು ಎಲ್ಲಕ್ಕೂ ಕರೆಂಟ್ ಬೇಕು. ಬ್ಯಾಟರಿ ಪೂರ್ತಿ ಸತ್ತಿದ್ದರೆ ಓಣಿಯ ಹುಡುಗರೆಲ್ಲ ಸೇರಿ ತಳ್ಳಿದರೂ ಏಳುವುದಿಲ್ಲ. ಆಟೋಮ್ಯಾಟಿಕ್ ಗೇರಿನ ಕಾರಿಗೂ ಗೇರಿಲ್ಲದ ಸ್ಕೂಟರಿಗೂ ಧಕ್ಕಾ ನಡೆಯುವುದೇ ಇಲ್ಲ. 2020ರ ಏಪ್ರಿಲ್ 1ರಿಂದ ಬಿಎಸ್6 ಎಂಬ ಹೊಗೆ ನಿಯಮ ಬಂದ ಮೇಲೆ ಕೆಲವು ಸ್ಕೂಟರುಗಳಲ್ಲಿ ಕಿಕ್ಕರ್ ಕೂಡ ಇಲ್ಲ. ಅವುಗಳ ಬ್ಯಾಟರಿ ನಾಲ್ಕೈದು ಆಂಪಿಯರ್ ಅವರಿನಷ್ಟೇ, ಕಾರಿಗಿಂತ ಬೇಗ ಇಳಿಯುತ್ತದೆ.

ಇನ್ನೊಂದು ಗಾಡಿಯಿಂದ ಜಂಪರ್ ಕೇಬಲ್ ಹಾಕುವುದಾದರೆ ಕ್ರಮ ಹೀಗೆ. ಕೆಂಪು ವಯರ್ ಮೊದಲು ಇಳಿದ ಬ್ಯಾಟರಿಯ ಪ್ಲಸ್ಸಿಗೆ, ಇನ್ನೊಂದು ತುದಿ ಚೆನ್ನಾಗಿರುವುದರ ಪ್ಲಸ್ಸಿಗೆ. ಕಪ್ಪು ವಯರ್ ಚೆನ್ನಾಗಿರುವುದರ ಮೈನಸ್ಸಿಗೆ, ಕೊನೆಯ ತುದಿ ಇಳಿದ ಗಾಡಿಯ ಎಂಜಿನ್ನಿನ ಬರಿ ಲೋಹಕ್ಕೆ. ಕೊನೆಯ ಜೋಡಣೆಗೆ ಕಿಡಿ ಹಾರುವುದು ಸಹಜ, ಅದು ಬ್ಯಾಟರಿಯ ಗ್ಯಾಸಿನಿಂದ ದೂರ ಇರಲಿ ಎಂದು ಹೀಗೆ. ದಾರಿಯಲ್ಲಿ ಲಾರಿಯವರನ್ನು ಮಾತ್ರ ಕೇಳಬೇಡಿ. ದೊಡ್ಡ ಲಾರಿ, ಬಸ್ಸುಗಳದ್ದು 24 ವೋಲ್ಟ್, ಕಾರಿನ ಎಲೆಕ್ಟ್ರಾನಿಕ್ಸ್ ಸುಟ್ಟೀತು.

ಎಲೆಕ್ಟ್ರಿಕ್ ಕಾರು ತಗೊಂಡವರು ಇದೆಲ್ಲ ನಮಗಲ್ಲ ಎಂದುಕೊಳ್ಳಬೇಕಿಲ್ಲ. ಅದರಲ್ಲೂ ಒಂದು ಸಣ್ಣ 12 ವೋಲ್ಟ್ ಬ್ಯಾಟರಿ ಇರುತ್ತದೆ. ದೊಡ್ಡ ಬ್ಯಾಟರಿಯನ್ನು ಗಾಡಿಗೆ ಜೋಡಿಸುವ ಸ್ವಿಚ್ಚಿಗೆ ಕರೆಂಟ್ ಬರುವುದು ಈ ಸಣ್ಣದರಿಂದ. ಇದು ಇಳಿದರೆ ದೊಡ್ಡದು ತುಂಬಿದ್ದರೂ ಗಾಡಿ ಕದಲುವುದಿಲ್ಲ. ದೊಡ್ಡ ಲಿಥಿಯಂ ಬ್ಯಾಟರಿಯನ್ನು ತುಂಬಾ ದಿನ ನಿಲ್ಲಿಸುವಾಗ ಫುಲ್ ಮಾಡಿಡಬಾರದು, ನಮ್ಮ ಬಿಸಿಲಲ್ಲಂತೂ ಬೇಡ. ಅರ್ಧದ ಆಸುಪಾಸು ಇರಲಿ. ಸೀಸದ ಬ್ಯಾಟರಿಗೆ ಹೇಳಿದ್ದಕ್ಕೆ ಇದು ಪೂರ್ತಿ ಉಲ್ಟಾ.

ತೆಗೆದ ಬ್ಯಾಟರಿಯನ್ನು ಶಹಾಬಾದಿ ಕಲ್ಲಿನ ನೆಲದ ಮೇಲಿಟ್ಟರೆ ನೆಲ ಕರೆಂಟ್ ಎಳೆದುಕೊಳ್ಳುತ್ತದೆ, ಹಲಗೆ ಮೇಲೆ ಇಡು ಎನ್ನುವ ಹಿರಿಯರು ಈಗಲೂ ಇದ್ದಾರೆ. ಡಬ್ಬಿ ಕಟ್ಟಿಗೆ, ರಬ್ಬರಿನದಾಗಿದ್ದ ಕಾಲದ ಮಾತು ಅದು. ಈಗಿನ ಪ್ಲಾಸ್ಟಿಕ್ ಡಬ್ಬಿಯಿಂದ ಕರೆಂಟ್ ಹೊರಗೆ ಬರುವುದಿಲ್ಲ. ಬೇಸಿಗೆಯಲ್ಲಿ ತಣ್ಣನೆ ಕಲ್ಲೇ ವಾಸಿ.

ಇಷ್ಟೆಲ್ಲ ಮಾಡಿದರೂ ರಾತ್ರಿ ಫುಲ್ ಚಾರ್ಜ್ ಮಾಡಿ, ವಯರ್ ಬಿಚ್ಚಿಟ್ಟು, ಮರುದಿನ ಅಳೆದರೆ 12.4ರ ಕೆಳಗೆ ಬರುತ್ತಿದ್ದರೆ ಬ್ಯಾಟರಿ ಮುಗಿದಿದೆ. ಹೊಸದು ಕೊಳ್ಳುವಾಗ ತಯಾರಾದ ತಿಂಗಳು ನೋಡಿ ತಗೊಳ್ಳಿ, ಅಂಗಡಿಯ ಕಪಾಟಿನಲ್ಲೂ ಅದು ಸೋರುತ್ತಲೇ ಇರುತ್ತದೆ. ಹಳೆಯದನ್ನು ಗುಜರಿಗೆ ಹಾಕದೆ ಅದೇ ಅಂಗಡಿಗೆ ಕೊಡಿ. ಒಳಗಿನ ಸೀಸಕ್ಕೆ ಬೆಲೆ ಇದೆ, ಹೊಸದರ ಬಿಲ್ಲಿನಲ್ಲಿ ಅಷ್ಟು ಕಳೆಯುತ್ತಾರೆ.